ಹಳೇ ಹೆಲಿಯೋಸ್ ತಗೊಳ್ಳೋದಾ, ಹೊಸ ಆಟೋಫೋಕಸ್ ಲೆನ್ಸ್ ತಗೊಳ್ಳೋದಾ?

ಶಿರಸಿ_ಶಟರ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೋನಿ ಎ6400 ಇದೆ. ಲೆನ್ಸ್ ಅಂತ ಇರುವುದು ಅದರ ಜತೆ ಬಂದ 16-50 ಎಂಎಂ ಕಿಟ್ ಲೆನ್ಸ್ ಒಂದೇ. ಮುಖದ ಫೋಟೋ ತೆಗೆಯಲು, ಹಿಂದಿನದೆಲ್ಲ ಚೆನ್ನಾಗಿ ಮಸುಕಾಗುವ ಒಂದು ಲೆನ್ಸ್ ಬೇಕು. ಬಜೆಟ್ ಹದಿನೈದು ಸಾವಿರ. ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ.

ರಷ್ಯಾದ ಹಳೇ ಹೆಲಿಯೋಸ್ 44-2 ಕಣ್ಣಿಗೆ ಬಿದ್ದಿದೆ. ಹಿಂದಿನ ಎಲೆಗಳೆಲ್ಲ ಸುಳಿ ತಿರುಗಿದ ಹಾಗೆ ಕಾಣುವ ಫೋಟೋಗಳನ್ನು ನೋಡಿ ಮರುಳಾಗಿದ್ದೇನೆ. ಗೆಳೆಯರು ಮಾತ್ರ "ಸುಮ್ನೆ ಹೊಸ 56 ಎಂಎಂ ಆಟೋಫೋಕಸ್ ತಗೋ" ಅನ್ನುತ್ತಿದ್ದಾರೆ. ಮುಂದಿನ ತಿಂಗಳು ಅಕ್ಕನ ಮಗನ ಉಪನಯನ. ಫೋಟೋ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ.

ಇನ್ನೊಂದು ವಿಷಯ. ಚಿಕ್ಕಪ್ಪನ ಬೀರುವಿನಲ್ಲಿ ನಿಕಾನ್ ಎಫ್‌ಎಂ10 ಫಿಲ್ಮ್ ಕ್ಯಾಮೆರಾ ಇದೆ, ಅದರ 35-70 ಲೆನ್ಸ್ ಸಮೇತ. ಆ ಲೆನ್ಸನ್ನು ನನ್ನ ಕ್ಯಾಮೆರಾಗೆ ಹಾಕಬಹುದಾ?

ಬೊಕೆ_ಭಟ್ಟ
ಉಪನಯನಕ್ಕೆ ಆಟೋಫೋಕಸ್. ಚರ್ಚೆ ಮುಗೀತು, ಎಲ್ಲರೂ ಊಟಕ್ಕೆ ಏಳಿ.

ಗಾಜಿನಂಗಡಿ
ಭಟ್ಟರಿಗೆ ಯಾವಾಗಲೂ ಊಟದ್ದೇ ಅವಸರ.

ಹೆಲಿಯೋಸ್ ಬಗ್ಗೆ ಸ್ವಲ್ಪ ಹೇಳುತ್ತೇನೆ. 58 ಎಂಎಂ, ಎಫ್/2 (ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ, ಹಿನ್ನೆಲೆ ಹೆಚ್ಚು ಮಸುಕಾಗುತ್ತದೆ). ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಎತ್ತಿಕೊಂಡು ಸೋವಿಯತ್‌ನವರು ಮಾಡಿದ್ದು. ಜೆನಿಟ್ ಕ್ಯಾಮೆರಾಗಳ ಜತೆ ಲೆಕ್ಕವಿಲ್ಲದಷ್ಟು ಬಂದವು, ಹಾಗಾಗಿಯೇ ಇಂದಿಗೂ ಅಗ್ಗ. ಎಂ42 ಅಂದರೆ ತಿರುಪಿನ ಮೌಂಟ್, ಲೆನ್ಸನ್ನು ಕ್ಯಾಮೆರಾಗೆ ತಿರುಗಿಸಿ ಕೂರಿಸುವ ಜೋಡಣೆ. ಅಪರ್ಚರ್‌ಗೆ, ಅಂದರೆ ಬೆಳಕು ಒಳಬರುವ ಕಂಡಿಗೆ, ಎಂಟು ಎಲೆ. ರಿಂಗ್ ಎರಡು ಇರುತ್ತವೆ: ಒಂದರಲ್ಲಿ ಎಫ್ ನಂಬರ್ ಗೊತ್ತು ಮಾಡಿಡಬೇಕು, ಇನ್ನೊಂದನ್ನು ತಿರುಗಿಸಿ ತೆರೆಯಬೇಕು, ಮುಚ್ಚಬೇಕು. ಮೊದಲ ವಾರ ತಲೆ ಕೆಡುತ್ತದೆ, ಆಮೇಲೆ ಬೆರಳಿಗೇ ಅಭ್ಯಾಸವಾಗುತ್ತದೆ.

ಸುಳಿ ಬೇಕಾದರೆ ಅಪರ್ಚರ್ ಪೂರ್ತಿ ತೆರೆದಿರಬೇಕು. ಆಳು ಒಂದೂವರೆ ಎರಡು ಮೀಟರ್ ದೂರದಲ್ಲಿರಲಿ. ಹಿಂದೆ ಸ್ವಲ್ಪ ದೂರದಲ್ಲಿ ಎಲೆ ಸಂದಿನಿಂದ ಬೆಳಕು ತೂರಿ ಬರುವಂಥ ಮರಗಳಿರಲಿ. ಶಿರಸಿಯಲ್ಲಿ ಅದಕ್ಕೇನು ಬರವೇ? ಗೋಡೆ ಮುಂದೆ ನಿಲ್ಲಿಸಿ "ಸುಳಿ ಎಲ್ಲಿ" ಅಂದರೆ ಬರುವುದಿಲ್ಲ.

ಅಳತೆಪಟ್ಟಿ
ಒಂದು ತಿದ್ದುಪಡಿ. ನೀವು ನೋಡಿ ಮರುಳಾದ ಫೋಟೋಗಳಲ್ಲಿ ಹೆಚ್ಚಿನವು ಫುಲ್ ಫ್ರೇಮ್‌ನಲ್ಲಿ, ಅಂದರೆ ಹಳೇ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನಲ್ಲಿ ತೆಗೆದವು. ಸುಳಿ ಹುಟ್ಟುವುದು ಚೌಕಟ್ಟಿನ ಅಂಚಿನಲ್ಲಿ. ಅಲ್ಲಿಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಒಂದಿಷ್ಟು ತಡೆಯುತ್ತದೆ. ಹಾಗಾಗಿ ದುಂಡಗಿರಬೇಕಾದ ಬೆಳಕಿನ ಚುಕ್ಕೆ ಬೆಕ್ಕಿನ ಕಣ್ಣಿನ ಆಕಾರಕ್ಕೆ ಬಂದು, ಮಧ್ಯದ ಸುತ್ತ ಸಾಲು ಹಿಡಿಯುತ್ತದೆ. ಎ6400ರ ಚಿಕ್ಕ ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಹಾಕುತ್ತದೆ. ನಿಮಗೆ ಸಿಗುವುದು ಅರ್ಧ ಸುಳಿ. ಜತೆಗೆ 58 ಹೋಗಿ, ಫುಲ್ ಫ್ರೇಮ್‌ನ 87 ಎಂಎಂ ಲೆನ್ಸಿನಷ್ಟು ಕಿರಿದಾದ ನೋಟ ಆಗುತ್ತದೆ.

ಪರಿಹಾರ ಬೇಕೆಂದರೆ ಫೋಕಲ್ ರೆಡ್ಯೂಸರ್ ಅಡಾಪ್ಟರ್ ಇದೆ. ಅದರೊಳಗಿನ ಗಾಜು ಚಿತ್ರವನ್ನು ಸುಮಾರು 0.7 ಪಟ್ಟಿಗೆ ಕುಗ್ಗಿಸುತ್ತದೆ. ಅಂಚು ವಾಪಸ್ ಬರುತ್ತದೆ, ಬೆಳಕೂ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು. ಆದರೆ ಅದರ ಬೆಲೆ ಹೆಲಿಯೋಸ್‌ಗಿಂತ ಜಾಸ್ತಿ ಆದರೂ ಆಶ್ಚರ್ಯವಿಲ್ಲ.

ಚಿಕ್ಕಪ್ಪನ ಲೆನ್ಸ್: ಧಾರಾಳವಾಗಿ ಹಾಕಬಹುದು. ನಿಕಾನ್ ಎಫ್ ಮೌಂಟ್‌ನಿಂದ ಫಿಲ್ಮಿಗೆ ಇರುವ ದೂರ 46.5 ಎಂಎಂ. ಸೋನಿ ಇ ಮೌಂಟ್‌ನಿಂದ ಸೆನ್ಸರ್‌ಗೆ 18. ನಿಮ್ಮದರಲ್ಲಿ ಹಳೇ ಕ್ಯಾಮೆರಾದ ಹಾಗೆ ಒಳಗೆ ಕನ್ನಡಿ ಇಲ್ಲದ ಕಾರಣ ಜಾಗ ಉಳಿದಿದೆ. ನಡುವಿನ 28.5 ಎಂಎಂ ತುಂಬಲು ಒಂದು ಖಾಲಿ ಲೋಹದ ಕೊಳವೆ ಸಾಕು, ಒಳಗೆ ಗಾಜೂ ಬೇಡ, ಕರೆಂಟೂ ಬೇಡ.

ಡಿ3500ರ_ಒಡೆಯ
ನನ್ನ ನಿಕಾನ್ ಡಿ3500ಗೂ ಹೆಲಿಯೋಸ್ ಹಾಕಬಹುದಾ ಸರ್?

ಅಳತೆಪಟ್ಟಿ
ಹಾಕಬಹುದು, ದೂರದ್ದು ಫೋಕಸ್ ಆಗುವುದಿಲ್ಲ. ಎಂ42ರ ದೂರ 45.46, ನಿಮ್ಮ ಕ್ಯಾಮೆರಾದ್ದು 46.5. ಲೆನ್ಸ್ ಇರಬೇಕಾದ ಜಾಗಕ್ಕಿಂತ ಮುಂದೆ ಕೂರುತ್ತದೆ. ಗಾಜು ಇರುವ ಅಡಾಪ್ಟರ್ ಹಾಕಿದರೆ ಬೆಟ್ಟ ಗುಡ್ಡವೂ ಫೋಕಸ್ ಆಗುತ್ತದೆ, ಆದರೆ ಅಗ್ಗದ ಗಾಜು ಚಿತ್ರ ಕೆಡಿಸುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇರುವವರಿಗೆ ಈ ತೊಂದರೆ ಇಲ್ಲ, ಅವರದು 44.

ಧಾರವಾಡ_ಫ್ರೇಮ್
ಅಲ್ರೀ, ಡಿ3500ಕ್ಕೆ ನಿಕಾನ್‌ನದೇ ಹಳೇ ಎಐ (ಕೈಯಲ್ಲೇ ಫೋಕಸ್ ಮಾಡುವ) ಲೆನ್ಸ್ ಹಾಕಿದರೂ ಬೆಳಕು ಅಳೆಯುವ ಮೀಟರ್ ಓಡುವುದಿಲ್ಲ. ಎಂ (ಮ್ಯಾನುಯಲ್) ಮೋಡಿಗೆ ಇಟ್ಟು, ಒಂದು ಫೋಟೋ ಹೊಡೆದು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿ ತಿದ್ದಿಕೊಳ್ಳಬೇಕು. ಮೀಟರ್ ಬೇಕಂದರೆ ಡಿ7000, ಡಿ7200 ಥರದ ಬಾಡಿ ಬೇಕು. ಆ ಸಾಲಿನಲ್ಲೂ ಡಿ7500ಕ್ಕೆ ಆ ಸೌಲಭ್ಯ ತೆಗೆದುಬಿಟ್ಟರು. 1959ರಿಂದ ಒಂದೇ ಮೌಂಟ್ ಅಂತ ಎದೆ ತಟ್ಟಿಕೊಂಡಿದ್ದರು, ಒಳಗೆ ಮಾತ್ರ ನೂರೆಂಟು ಷರತ್ತು.

ಕರಾವಳಿ_ಕ್ಯಾಮೆರಾ
ಶಿರಸಿ, ಬೀರು, ಹಳೇ ಲೆನ್ಸ್... ಮಾರಾಯ್ರೆ, ಮೊದಲು ಫಂಗಸ್ ನೋಡಿ! ಅಡಾಪ್ಟರ್ ತರಿಸುವ ಮುಂಚೆ ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿಯಿರಿ. ಒಂದು ಕಡೆಯಿಂದ ಬೆಳಕು ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಅಂಚಿನಿಂದ ಬೇರು ಬಿಟ್ಟ ಹಾಗೆ ಬಿಳಿ ಎಳೆ ಕಂಡರೆ ಅದೇ ಫಂಗಸ್. ನಾಲ್ಕು ಧೂಳಿನ ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಕಾಣುವುದಿಲ್ಲ.

ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇದೆಯಾ, ಫೋಕಸ್ ರಿಂಗ್ ಬಿಗಿಯಾಗಿದೆಯಾ ಅದೂ ನೋಡಿ. ಹಳೇ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ. ಜೋರಾಗಿ ತಿರುಚಬೇಡಿ.

ಕಪ್ಪೆಗೂಡು
ಕರಾವಳಿಯವರ ಮಾತು ಸರಿ. ನಾನು ಆಗುಂಬೆ ಕಡೆ ಮಳೆಗಾಲದಲ್ಲಿ ಕಪ್ಪೆ ಫೋಟೋ ತೆಗೆಯುವವಳು. ಲೆನ್ಸ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುತ್ತೇನೆ, ಐನೂರು ರೂಪಾಯಿ ಒಳಗೆ ಸಿಗುವ ತೇವಾಂಶ ಮೀಟರನ್ನೂ ಅದರಲ್ಲೇ ಹಾಕಿಟ್ಟಿದ್ದೇನೆ. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರಬೇಕು. ತೀರಾ ಕಡಿಮೆಯಾದರೂ ಒಳ್ಳೆಯದಲ್ಲ. ಲೆನ್ಸ್ ಜತೆ ಬರುವ ಚರ್ಮದ ಪೆಟ್ಟಿಗೆ ಚಂದ ಕಾಣುತ್ತದೆ, ಆದರೆ ತೇವ ಹಿಡಿದಿಟ್ಟು ಫಂಗಸ್ ಸಾಕುವುದೇ ಅದು. ಅದನ್ನು ಶೋಕೇಸಿನಲ್ಲಿಡಿ, ಲೆನ್ಸನ್ನು ಡಬ್ಬಿಯಲ್ಲಿಡಿ.

ಬೊಕೆ_ಭಟ್ಟ
ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಆಗುವುದಿಲ್ಲವಾ?

ಕಪ್ಪೆಗೂಡು
ಅಕ್ಕಿ ಹಿಟ್ಟಿನ ಧೂಳು ರಿಂಗಿನೊಳಗೆ ಹೋಗುತ್ತದೆ ಭಟ್ರೇ. ಅಕ್ಕಿ ಅನ್ನಕ್ಕಿರಲಿ.

ಹಳೇಸ್ಟುಡಿಯೋ
ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ. ನಾವು ಮದುವೆ, ಮುಂಜಿ, ನಾಮಕರಣ ಎಲ್ಲವನ್ನೂ ಕೈಯಲ್ಲೇ ಫೋಕಸ್ ಮಾಡಿ ತೆಗೆದವರು. ಆಟೋಫೋಕಸ್ ಇಲ್ಲದೆ ಉಪನಯನ ಆಗುವುದಿಲ್ಲ ಅಂದರೆ ನಗು ಬರುತ್ತದೆ.

ಹೇಗೆ ಮಾಡುತ್ತಿದ್ದೆವು ಹೇಳುತ್ತೇನೆ. ಫ್ಲ್ಯಾಶ್ ಇರುತ್ತಿತ್ತು, ಅಪರ್ಚರ್ 8. ಲೆನ್ಸ್ ಮೇಲೇ ದೂರದ ಗೆರೆ ಬರೆದಿರುತ್ತದೆ. ಎಷ್ಟರಿಂದ ಎಷ್ಟು ದೂರದವರೆಗೆ ಸ್ಪಷ್ಟ ಬರುತ್ತದೆ ಅನ್ನುವುದಕ್ಕೂ ಗುರುತಿರುತ್ತದೆ. 28 ಎಂಎಂ ಲೆನ್ಸನ್ನು ಎಫ್/8ರಲ್ಲಿ ಮೂರೂಕಾಲು ಮೀಟರ್‌ಗೆ ಇಟ್ಟುಬಿಟ್ಟರೆ ಒಂದೂವರೆ ಮೀಟರ್ ಚಿಲ್ಲರೆಯಿಂದ ಹಿಡಿದು ಕಣ್ಣು ಹಾಯುವವರೆಗೂ ಸ್ಪಷ್ಟ. ಇಡೀ ಮಂಟಪ ಅದರೊಳಗೆ ಬಂತು. ಇನ್ನು ಫೋಕಸ್ ಮಾಡುವುದೇನಿದೆ? ಬರೀ ಕ್ಲಿಕ್. ಇಂದಿನ ಯಾವ ಕ್ಯಾಮೆರಾಕ್ಕೂ ಅಷ್ಟು ವೇಗ ಇಲ್ಲ.

ಅಳತೆಪಟ್ಟಿ
ಸರ್, ಆ ಲೆಕ್ಕ ಫಿಲ್ಮಿಗೆ, ಅಂದರೆ ಫುಲ್ ಫ್ರೇಮ್‌ಗೆ ಸರಿ. ಅದೇ 28 ಎಂಎಂ ಲೆನ್ಸನ್ನು ಎ6400ಗೆ ಹಾಕಿದರೆ ಸುಮಾರು 4.9 ಮೀಟರ್‌ಗೆ ಇಡಬೇಕು, ಸ್ಪಷ್ಟತೆ ಶುರುವಾಗುವುದು ಎರಡೂವರೆ ಮೀಟರ್‌ನಿಂದ. ಸೆನ್ಸರ್ ಚಿಕ್ಕದಾದ್ದರಿಂದ ಅದೇ ಅಳತೆಯ ಪ್ರಿಂಟಿಗೆ ಚಿತ್ರವನ್ನು ಜಾಸ್ತಿ ಹಿಗ್ಗಿಸುತ್ತೇವೆ, ಮಸುಕೂ ಜತೆಗೇ ಹಿಗ್ಗುತ್ತದೆ. ಲೆನ್ಸ್ ಮೇಲಿನ ಗುರುತನ್ನು ನಂಬಿದರೆ ಕೈ ಕೊಡುತ್ತದೆ.

ಇನ್ನೊಂದು, ಇವರಿಗೆ ಬೇಕಿರುವುದು ಹಿನ್ನೆಲೆ ಮಸುಕು. ಎಫ್/8ರಲ್ಲಿ ಎಲ್ಲವೂ ಸ್ಪಷ್ಟ ಬರುವ ಉಪಾಯ ಅದಕ್ಕೆ ತದ್ವಿರುದ್ಧ. 58 ಎಂಎಂ, ಎಫ್/2, ಒಂದು ಮೀಟರ್ ದೂರ ಅಂದರೆ ಸ್ಪಷ್ಟವಾಗಿರುವ ಆಳ ಎರಡು ಸೆಂಟಿಮೀಟರ್ ಚಿಲ್ಲರೆ. ವಟು ಒಮ್ಮೆ ತಲೆ ಅಲ್ಲಾಡಿಸಿದರೆ ಕಣ್ಣು ಹೋಗಿ ಕಿವಿ ಫೋಕಸ್ ಆಗಿರುತ್ತದೆ.

ಹಳೇಸ್ಟುಡಿಯೋ
ಒಪ್ಪಿದೆ. ಎಫ್/2ರಲ್ಲಿ ಮುಂಜಿ ತೆಗೆಯುವ ಹುಚ್ಚು ನಮಗಿರಲಿಲ್ಲ ಅನ್ನಿ. ಹಿಂದೆ ನಿಂತ ನೆಂಟರು ಮಸುಕಾದರೆ ಆಲ್ಬಮ್ ನೋಡಿ ಜಗಳಕ್ಕೆ ಬರುತ್ತಿದ್ದರು!

ಶಿರಸಿ_ಶಟರ್
ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಚಿಕ್ಕಪ್ಪನ ಮನೆಗೆ ಹೋಗಿ ಟಾರ್ಚ್ ಹಾಕಿ ನೋಡಿದೆ. 35-70ರ ಅಂಚಿನಲ್ಲಿ ಬಿಳಿ ಎಳೆ ಇದೆ, ಮಧ್ಯದವರೆಗೆ ಬಂದಿಲ್ಲ. ರಿಪೇರಿ ಮಾಡಿಸಲಾ?

ಗಾಜಿನಂಗಡಿ
ಬೇಡ. ಆ 35-70 ಎಫ್/3.5-4.8. ನಿಮ್ಮ ಕಿಟ್ ಲೆನ್ಸಿಗಿಂತ ಹೆಚ್ಚೇನೂ ಕೊಡುವುದಿಲ್ಲ. ಫಂಗಸ್ ಒರೆಸಿದರೂ ಅದು ತಿಂದ ಲೇಪನ ವಾಪಸ್ ಬರುವುದಿಲ್ಲ. ಬೇರೆ ಲೆನ್ಸ್‌ಗಳ ಪಕ್ಕ ಮಾತ್ರ ಇಡಬೇಡಿ. ಎಫ್‌ಎಂ10 ಬಾಡಿ ಕೆಲಸ ಮಾಡುತ್ತಿದ್ದರೆ ಒಂದು ರೋಲ್ ಹಾಕಿ ನೋಡಿ. ಅಂದಹಾಗೆ ಅದನ್ನು ನಿಕಾನ್‌ಗೆ ಮಾಡಿಕೊಟ್ಟಿದ್ದು ಕೊಸಿನಾ, ಇಂದು ವೊಯ್ಟ್‌ಲ್ಯಾಂಡರ್ ಹೆಸರಿನಲ್ಲಿ ಹೊಸ ಮ್ಯಾನುಯಲ್ ಲೆನ್ಸ್ ಮಾಡುತ್ತಿರುವ ಅದೇ ಕಂಪನಿ.

ಬೆಳಕು_ನೆರಳು
ವಿಡಿಯೋ ಮಾಡುವವರ ಕಡೆಯಿಂದ ಒಂದು ಮಾತು. ಈಗಿನ ಬಹಳಷ್ಟು ಆಟೋಫೋಕಸ್ ಲೆನ್ಸ್‌ಗಳ ಫೋಕಸ್ ರಿಂಗ್ ಯಾವುದಕ್ಕೂ ಜೋಡಣೆಯಾಗಿರುವುದಿಲ್ಲ. ನೀವು ತಿರುಗಿಸಿದ್ದನ್ನು ಸೆನ್ಸರ್ ಓದುತ್ತದೆ, ಮೋಟಾರ್ ಗಾಜನ್ನು ಸರಿಸುತ್ತದೆ. ಮೆಲ್ಲಗೆ ತಿರುಗಿಸಿದರೆ ಒಂದು ಲೆಕ್ಕ, ಜೋರಾಗಿ ತಿರುಗಿಸಿದರೆ ಇನ್ನೊಂದು ಲೆಕ್ಕ. ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಫೋಕಸ್ ಸರಿಸಿ, ಮತ್ತೆ ಅದೇ ಜಾಗಕ್ಕೆ ಬರಬೇಕು ಅಂದರೆ ಕೈ ನಡುಗುತ್ತದೆ. ಹಳೇ ಲೆನ್ಸಿನಲ್ಲಿ ಅರ್ಧ ಸುತ್ತಿಗೂ ಹೆಚ್ಚು ತಿರುಗುವ ಜಾಗ ಇರುತ್ತದೆ, ಎರಡೂ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹೆಲಿಯೋಸ್‌ನ ಎರಡನೇ ಅಪರ್ಚರ್ ರಿಂಗಿಗೆ ಕ್ಲಿಕ್ಕೂ ಇಲ್ಲ. ನಾನು ಶಾರ್ಟ್ ಫಿಲ್ಮ್‌ಗೆ ಅದನ್ನೇ ಬಳಸುತ್ತೇನೆ.

ಧಾರವಾಡ_ಫ್ರೇಮ್
ಎದುರು ಬೆಳಕು ಬಿದ್ದಾಗ ಏನಾಗುತ್ತದೆ ಅದನ್ನೂ ಹೇಳ್ರೀ. ಇಡೀ ಚಿತ್ರ ಹಾಲು ಬಳಿದ ಹಾಗೆ ಬೆಳ್ಳಗಾಗುತ್ತದೆ.

ಬೆಳಕು_ನೆರಳು
ಅದೇ ಬೇಕು ಅಂತಲೇ ಹಾಕುವುದು ನಾವು! ಆದರೆ ಹೌದು, ಹಳೇ ಹೆಲಿಯೋಸ್‌ಗಳ ಲೇಪನ ಒಂದೇ ಪದರದ್ದು. ಹುಡ್ ಹಾಕಿಕೊಂಡರೆ ಅರ್ಧ ಸಮಸ್ಯೆ ಕಡಿಮೆ. ಪೆಂಟಾಕ್ಸ್‌ನ ಹಲವು ಪದರ ಲೇಪನದ ಎಸ್‌ಎಂಸಿ ಟಕುಮಾರ್ ಲೆನ್ಸ್‌ಗಳು ಇದರಲ್ಲಿ ಎಷ್ಟೋ ವಾಸಿ.

ಡಿ3500ರ_ಒಡೆಯ
ಟಕುಮಾರ್ ವಿಕಿರಣ ಸೂಸುತ್ತದೆ ಅಂತ ಕೇಳಿದ್ದೆ. ಮನೆಯಲ್ಲಿ ಮಕ್ಕಳಿದ್ದಾರೆ.

ಗಾಜಿನಂಗಡಿ
50 ಎಂಎಂ ಎಫ್/1.4ರ ಏಳು ಗಾಜಿನ ಆವೃತ್ತಿಗಳಲ್ಲಿ ಒಂದು ಗಾಜಿಗೆ ಥೋರಿಯಂ ಬೆರೆಸಿರುತ್ತಾರೆ. ಆಗ ಹಲವು ಕಂಪನಿಗಳು ಹಾಗೆ ಮಾಡುತ್ತಿದ್ದವು. ಕ್ಯಾಮೆರಾದಲ್ಲಿ ಹಾಕಿ ಫೋಟೋ ತೆಗೆಯುವವರಿಗೆ ಭಯಪಡುವಷ್ಟಿಲ್ಲ. ಮಕ್ಕಳ ಕೈಗೆ ಆಟಿಕೆಯಾಗಿ ಕೊಡಬೇಡಿ, ಗಾಜು ಬಿಚ್ಚಿ ಉಜ್ಜಬೇಡಿ, ಅಷ್ಟೇ. ನಿಜವಾದ ತೊಂದರೆ ಬಣ್ಣದ್ದು. ವರ್ಷ ಕಳೆದ ಹಾಗೆ ಗಾಜು ಚಹಾ ಬಣ್ಣಕ್ಕೆ ತಿರುಗುತ್ತದೆ. ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಬೊಕೆ_ಭಟ್ಟ
ಅಂದರೆ ಹಪ್ಪಳದ ಜತೆ ಅಂಗಳದಲ್ಲಿ ಒಣಗಿಸಿದರೆ ಸಾಕು.

ಗಾಜಿನಂಗಡಿ
ಒಣಗಿಸಿ, ಆದರೆ ಹಪ್ಪಳದ ಬಟ್ಟೆ ಮೇಲೆ ಬೇಡ. ಅದು ಲೆನ್ಸ್! ಸೂರ್ಯನ ಬೆಳಕನ್ನು ಒಂದು ಚುಕ್ಕೆಗೆ ಕೂಡಿಸಿ ಬಟ್ಟೆ ಸುಡುತ್ತದೆ. ಕೆಳಗೆ ಅಲ್ಯುಮಿನಿಯಂ ಹಾಳೆ ಹಾಸಿ, ಪಕ್ಕದಲ್ಲೇ ಇರಿ. ಎಲ್‌ಇಡಿ ಯುವಿ ದೀಪ ಸಿಕ್ಕರೆ ಅದೇ ಕ್ಷೇಮ.

ಕರಾವಳಿ_ಕ್ಯಾಮೆರಾ
ನಾನು ಎರಡೂ ಬಳಸುವವನು. ಯಕ್ಷಗಾನಕ್ಕೆ ಹಳೇ ಲೆನ್ಸ್ ಒಯ್ಯುವುದನ್ನು ಬಿಟ್ಟೇಬಿಟ್ಟೆ. ವೇಷಧಾರಿ ಗಿರಗಿರ ತಿರುಗಿ ಧೀಂಗಿಣ ಹಾಕುವಾಗ ಯಾವನ ಕೈ ಅಷ್ಟು ವೇಗವಾಗಿ ರಿಂಗ್ ತಿರುಗಿಸುತ್ತದೆ? ಆಟೋಫೋಕಸ್ ಕೂಡ ಅಲ್ಲಿ ಪರಮಾತ್ಮನೇನಲ್ಲ. ಮುಖಕ್ಕೆ ಅಷ್ಟು ಬಣ್ಣ ಹಚ್ಚಿದಾಗ ಕಣ್ಣು ಹುಡುಕುವ ಫೋಕಸ್ ಕೆಲವೊಮ್ಮೆ ವೇಷ ಬಿಟ್ಟು ಹಿಂದೆ ಕೂತ ಭಾಗವತರಿಗೆ ಹೋಗಿ ಕೂರುತ್ತದೆ. ನಾನು ಅದನ್ನು ಆಫ್ ಮಾಡಿ, ಒಂದೇ ಚೌಕ ಇಟ್ಟುಕೊಂಡು ಎದೆಪದಕದ ಮೇಲೆ ಹಿಡಿಯುತ್ತೇನೆ.

ಕಂಬಳಕ್ಕೆ ಮಾತ್ರ ಮ್ಯಾನುಯಲ್ ಚಲೋ. ಕೋಣ ಎಲ್ಲಿ ಬರುತ್ತದೆ ಅಂತ ಗೊತ್ತಿರುತ್ತದಲ್ಲ. ಓಟ ಮುಗಿಯುವ ಮಂಜೊಟ್ಟಿ ಹತ್ತಿರ ಒಂದು ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಕಾಯುವುದು. ಕೆಸರು ನೀರು ಹಾರುವಾಗ ಆಟೋ ಆದರೆ ನೀರಿನ ಹನಿಗೆ ಹೋಗುತ್ತದೆ.

ಹಳೇಸ್ಟುಡಿಯೋ
ಅದನ್ನೇ ನಾನು ಹೇಳಿದ್ದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇವರೆಲ್ಲ ಕಾಡಿನ ಫೋಟೋದಲ್ಲಿ ಹೆಸರು ಮಾಡಿದ್ದು ಆಟೋಫೋಕಸ್ ಬರುವ ಮೊದಲೇ. ಬೆಳ್ಳಿಪರದೆ ಮೇಲೆ ನೋಡುವಂಥ ಚಿತ್ರ ತೆಗೆದರು.

ಧಾರವಾಡ_ಫ್ರೇಮ್
ಹೌದು ಸರ್, ಆದರೆ ಅವರು ದಿನಗಟ್ಟಲೆ ಮರೆಯಲ್ಲಿ ಕೂತವರು. ನಾವು ಭಾನುವಾರ ಬೆಳಿಗ್ಗೆ ರಂಗನತಿಟ್ಟಿಗೆ ಹೋಗಿ, ದೋಣಿಯಲ್ಲಿ ಒಂದು ಸುತ್ತು ಹಾಕಿ, ಮಧ್ಯಾಹ್ನಕ್ಕೆ ವಾಪಸ್ ಬರುವವರು. ಅಲ್ಲಾಡುವ ದೋಣಿಯಿಂದ ಹಾರುವ ಕೊಕ್ಕರೆಗೆ ಕೈಯಲ್ಲಿ ಫೋಕಸ್ ಮಾಡಿ ತೋರಿಸಿರಿ ನೋಡೋಣ. 1985ರಲ್ಲಿ ಮಿನೋಲ್ಟಾ 7000 ಬಂದಾಗ ಎಲ್ಲರೂ ಆ ಕಡೆ ಓಡಿದ್ದು ಸುಮ್ಮನೆ ಅಲ್ಲ. ಎರಡೇ ವರ್ಷಕ್ಕೆ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನೇ ಕೈಬಿಟ್ಟು ಇಒಎಸ್ ತಂದಿತು. ಎಫ್‌ಡಿ ಲೆನ್ಸ್ ಇದ್ದವರು ಬಯ್ದರು, ಆದರೂ ಹೋದರು.

ಗಾಜಿನಂಗಡಿ
ಆ ಬಯ್ಗುಳದ ಲಾಭ ನಮಗೆ. ಎಫ್‌ಡಿಯ ದೂರ 42 ಎಂಎಂ, ಹಾಗಾಗಿ ಡಿಎಸ್‌ಎಲ್‌ಆರ್ ಕಾಲದಲ್ಲಿ ಅವು ಯಾರಿಗೂ ಬೇಡವಾಗಿದ್ದವು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಎದ್ದು ಕೂತವು. ಈಗ ಬೆಲೆ ನೋಡಿದರೆ ಬೇಜಾರಾಗುತ್ತದೆ.

ಹಾರುವ ಕೊಕ್ಕರೆ ವಾದ ಒಪ್ಪುತ್ತೇನೆ. ಮುಖಕ್ಕೆ ಮಾತ್ರ ಒಪ್ಪುವುದಿಲ್ಲ. ಸ್ಟೀವ್ ಮೆಕರಿ 1984ರಲ್ಲಿ ತೆಗೆದ ಆ ಅಫ್ಘಾನ್ ಹುಡುಗಿಯ ಫೋಟೋ ನಿಕಾನ್ ಎಫ್‌ಎಂ2, 105 ಎಂಎಂ ಎಫ್/2.5ರದ್ದು. ಪೂರ್ತಿ ಮ್ಯಾನುಯಲ್.

ಬೊಕೆ_ಭಟ್ಟ
ಆ ಹುಡುಗಿ ಅಲ್ಲಾಡದೆ ಕೂತಿದ್ದಳು. ವಟುವಿಗೆ ಒಂದು ಕಡೆ ಹೋಮದ ಹೊಗೆ, ಇನ್ನೊಂದು ಕಡೆ ಹೊಸ ಪಂಚೆ ಜಾರುವ ಚಿಂತೆ.

ಕಪ್ಪೆಗೂಡು
ಹೊಗೆ ಅಂದಿದ್ದು ಒಳ್ಳೆಯದಾಯ್ತು. ದಟ್ಟ ಹೊಗೆಯಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಆಗ ಆಟೋಫೋಕಸ್ ಲೆನ್ಸನ್ನೇ ಮ್ಯಾನುಯಲ್‌ಗೆ ಹಾಕಿಕೊಂಡರಾಯಿತು.

ನನ್ನ ಕೆಲಸದಲ್ಲಂತೂ ಆಟೋ ಉಪಯೋಗಕ್ಕೇ ಬರುವುದಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಕಪ್ಪೆಗೆ ಫೋಕಸ್ ಮಾಡುವುದು ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಹಳೇ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗಿನಲ್ಲಿ ತಿರುಗಿಸಿ ಹಾಕಿದರೆ ಹತ್ತಿರ ಹತ್ತಿರ ನಿಜ ಗಾತ್ರದ ಚಿತ್ರ ಸಿಗುತ್ತದೆ. ಅಪರ್ಚರ್ ರಿಂಗ್ ಲೆನ್ಸ್ ಮೇಲೇ ಇರುವುದರಿಂದ ಅದು ಸಾಧ್ಯ. ಹೊಸ ಲೆನ್ಸನ್ನು ತಿರುಗಿಸಿ ಹಾಕಿದರೆ ಅಪರ್ಚರ್ ಬದಲಿಸಲು ದಾರಿಯೇ ಇರುವುದಿಲ್ಲ.

ಶಿರಸಿ_ಶಟರ್
ಎಲ್ಲ ಓದಿ ತಲೆ ಇನ್ನೂ ಗೊಂದಲ. ಉಪನಯನಕ್ಕೆ 56 ಎಂಎಂ ಆಟೋಫೋಕಸ್ ಸಾಕಾ? ಮನೆಯೊಳಗೇ ಕಾರ್ಯಕ್ರಮ.

ಅಳತೆಪಟ್ಟಿ
ಸಾಲದು. 56 ಅಂದರೆ ನಿಮ್ಮ ಕ್ಯಾಮೆರಾದಲ್ಲಿ 84 ಎಂಎಂ ನೋಟ. ಮನೆಯೊಳಗೆ ಹಿಂದೆ ಸರಿದು ಸರಿದು ಅಡುಗೆಮನೆ ಸೇರುತ್ತೀರಿ. ಗುಂಪಿಗೆ, ಮಂಟಪಕ್ಕೆ ಕಿಟ್ ಲೆನ್ಸೇ ಇರಲಿ, ಜತೆಗೆ ಒಂದು ಫ್ಲ್ಯಾಶ್ ಬಾಡಿಗೆಗೆ ತನ್ನಿ. ಮಾತೃಭೋಜನ, ಜನಿವಾರ ಹಾಕುವುದು, ಭಿಕ್ಷೆ ನೀಡುವಾಗಿನ ಅಮ್ಮನ ಮುಖ, ಇವಕ್ಕೆಲ್ಲ 56. ಟಿಟಿ ಆರ್ಟಿಸನ್, ವಿಲ್ಟ್ರಾಕ್ಸ್ ಥರದ ಚೀನಾ ಕಂಪನಿಗಳದ್ದು ನೋಡಿ. ವಿಲ್ಟ್ರಾಕ್ಸ್‌ನ ಎಫ್/1.4 ನಿಮ್ಮ ಬಜೆಟ್ ದಾಟಬಹುದು. ಎ6400ರ ಕಣ್ಣು ಹುಡುಕುವ ಫೋಕಸ್ ನಿಜಕ್ಕೂ ಚೆನ್ನಾಗಿದೆ, ಅದಕ್ಕೆ ದುಡ್ಡು ಕೊಟ್ಟಿದ್ದೀರಿ, ಬಳಸಿ.

ನೆನಪಿಡಿ, ಎ6400 ಬಾಡಿಯಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ. ಕಿಟ್ ಲೆನ್ಸಿನಲ್ಲಿ ಅದು ಇತ್ತು. ಹಾಗಾಗಿ 56 ಆಗಲಿ, ಹೆಲಿಯೋಸ್ ಆಗಲಿ, ಶಟರ್ ವೇಗವನ್ನು 1/125 ಸೆಕೆಂಡ್‌ಗಿಂತ ಕೆಳಗೆ ಇಳಿಸಬೇಡಿ. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಏರಿದರೆ ಏರಲಿ.

ಧಾರವಾಡ_ಫ್ರೇಮ್
ಹೆಲಿಯೋಸ್ ಆಮೇಲೆ ತಗೊಂಡರಾಯ್ತು. ಆನ್‌ಲೈನ್‌ನಲ್ಲಿ ಹೊರದೇಶದಿಂದ ತರಿಸುವುದಾದರೆ ಹುಷಾರು. ನನಗೆ ಒಬ್ಬ ಮಾರಾಟಗಾರ "ಹೊಸದರ ಹಾಗಿದೆ" ಅಂತ ಕಳಿಸಿದ ಲೆನ್ಸಿನಲ್ಲಿ ಎರಡು ಗಾಜಿನ ನಡುವೆ ಮಂಜು ಕವಿದಿತ್ತು. ಮೇಲೆ ಕಸ್ಟಮ್ಸ್ ಸುಂಕ ಬೇರೆ. ಕೈಯಲ್ಲಿ ಹಿಡಿದು, ಟಾರ್ಚ್ ಹಾಕಿ ನೋಡಿ ಕೊಳ್ಳುವುದೇ ಸರಿ.

ಶಿರಸಿ_ಶಟರ್
ಸರಿ, ಮೊದಲು ಟಿಟಿ ಆರ್ಟಿಸನ್ 56. ಆದರೆ ಹೆಲಿಯೋಸ್ ಆಸೆ ಹೋಗಿಲ್ಲ. ಊರಲ್ಲೇ ಒಬ್ಬರ ಹತ್ತಿರ ಇದೆಯಂತೆ, ಒಂದು ವಾರ ಇಟ್ಟುಕೋ ಅಂದಿದ್ದಾರೆ. ಅಡಾಪ್ಟರ್ ಹಾಕಿದ ಮೇಲೆ ಏನಾದರೂ ಸೆಟ್ಟಿಂಗ್ ಬದಲಿಸಬೇಕಾ?

ಬೆಳಕು_ನೆರಳು
ಹೌದು, ಇಲ್ಲದಿದ್ದರೆ ಕ್ಲಿಕ್ಕೇ ಆಗುವುದಿಲ್ಲ. ಖಾಲಿ ಕೊಳವೆ ಆದ್ದರಿಂದ ಲೆನ್ಸೇ ಇಲ್ಲ ಅಂದುಕೊಳ್ಳುತ್ತದೆ ಕ್ಯಾಮೆರಾ. ಮೆನುವಿನಲ್ಲಿ "ರಿಲೀಸ್ ವಿತೌಟ್ ಲೆನ್ಸ್" ಅಂತ ಇರುತ್ತದೆ, ಅದನ್ನು ಎನೇಬಲ್ ಮಾಡಿ. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಆನ್ ಮಾಡಿ, ಆದರೆ ಎಫ್/2ರಲ್ಲಿ ಅದನ್ನು ಪೂರ್ತಿ ನಂಬಬೇಡಿ. ರೆಪ್ಪೆಯೂ ಕೆಂಪು, ಮೂಗೂ ಕೆಂಪು ತೋರಿಸುತ್ತದೆ. ಒಂದು ಬಟನ್‌ಗೆ ಮ್ಯಾಗ್ನಿಫೈ ಕೊಟ್ಟುಕೊಂಡು ಕಣ್ಣನ್ನು ದೊಡ್ಡದು ಮಾಡಿ ನೋಡಿ. ಎ ಮೋಡ್ ಕೆಲಸ ಮಾಡುತ್ತದೆ: ಅಪರ್ಚರ್ ನಿಮ್ಮ ಕೈಯಲ್ಲಿ, ಶಟರನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಯಾವ ಅಪರ್ಚರ್‌ನಲ್ಲಿ ತೆಗೆದೆ ಅನ್ನುವುದು ಮಾತ್ರ ಫೈಲಿನಲ್ಲಿ ಇರುವುದಿಲ್ಲ.

ಗಾಜಿನಂಗಡಿ
ನನ್ನ ಹತ್ತಿರ ಎರಡು 44-2 ಇವೆ. ಒಂದು ಕೊಡಲು ಸಿದ್ಧ. ಬೆಲೆ...

ನಿರ್ವಾಹಕ
ಗಾಜಿನಂಗಡಿಯವರೇ, ಮಾರಾಟ ಇಲ್ಲಿ ಬೇಡ, ಅದಕ್ಕೆ ಬೇರೆ ವಿಭಾಗ ಇದೆ. ಬೆಲೆ ಅಳಿಸಿದ್ದೇನೆ.

ಡಿ3500ರ_ಒಡೆಯ
ಬೆಲೆ ಎಷ್ಟು ಬರೆದಿದ್ದರು ಅಂತ ಯಾರಾದರೂ ನೋಡಿದಿರಾ?